ಹುಳು ಕಡಿದ ಹದಿನಾರು ಹಾಳೆಗಳು

೩ ಜನವರಿ ೨೦೧೧

ಜೀರಿಗೆಗೆ,

ತಾವರೆಯನ್ನೂ ನೈದಿಲೆಯನ್ನೂ ಬೇರೆ ಮಾಡಿದೆಯಂತೆ. ಒಂದೇ ಕೊಳದಲ್ಲಿ ಹುಟ್ಟಿ, ಒಂದೇ ಕೆಸರು ಕುಡಿದು, ನೀರಿನ ಮೇಲೆ ಒಂದೇ ಥರ ಎಲೆ ಹಾಸಿಕೊಂಡು ಬದುಕುವ ಈ ಎರಡು ಹೂವುಗಳನ್ನು ನಾನು ಮೂವತ್ತನಾಲ್ಕು ವರ್ಷ ಒಂದೇ ಬೀರುವಿನಲ್ಲಿ ಇಟ್ಟಿದ್ದೆ. ಈಗ ನೀನು ತಾವರೆಗೆ ಸಿಲ್ವರ್ ಓಕ್ ಮರ ಹತ್ತಿರದ ನೆಂಟ ಎಂದು ಬರೆಯುತ್ತೀಯ. ರಸ್ತೆ ಬದಿಯಲ್ಲಿ ಧೂಳು ಹೊದ್ದು ನಿಲ್ಲುವ ಆ ಮರ ಎಲ್ಲಿ, ತಾವರೆ ಎಲ್ಲಿ? ನಿನ್ನ ಪತ್ರವನ್ನು ಚಿಕ್ಕಪ್ಪನಿಗೆ ತೋರಿಸಿದೆ. "ಅಮ್ಮ, ಅವರು ಈಗ ಗಿಡದ ರಕ್ತ ಪರೀಕ್ಷೆ ಮಾಡ್ತಾರಂತೆ" ಎಂದು ಕಾಗದದ ಮೇಲೆ ಬರೆದು ತೋರಿಸಿದ. "ಹೆಣ್ಣು ನೋಡೋಕೆ ಹೋದವರು ಮುಖ ನೋಡದೆ ರಕ್ತ ನೋಡ್ತಾರೇನೋ?" ಅಂದೆ. ಅವನು ನಕ್ಕ. ನಾನು ನಗಲಿಲ್ಲ.

ನನ್ನ ಕಿವಿ ಪೂರ್ತಿ ಹೋಗಿದೆ, ಫೋನು ಮಾಡಬೇಡ. ಹದಿನೈದು ದಿನಕ್ಕೊಂದು ಪತ್ರ ಬರೆ, ಸಾಕು.

ನಾನು ಹೈಸ್ಕೂಲಿನ ಮೇಲೆ ಓದಿದವಳಲ್ಲ. ಆದರೆ ನೀನೀಗ ಕೆಲಸಕ್ಕೆ ಸೇರಿರುವ ಹರ್ಬೇರಿಯಂನಲ್ಲಿ, ಒಣಗಿಸಿದ ಗಿಡವನ್ನು ಹಾಳೆಗೆ ಹೊಲಿದು ಹೆಸರಿನ ಚೀಟಿ ಅಂಟಿಸುವ ಕೋಣೆಗೆ ನಾನೇ ಯಜಮಾನಿಯಾಗಿದ್ದೆ. ನಾನು ಹೊಲಿದ ಗಿಡದ ಒಂದು ಎಸಳೂ ಉದುರಿದ್ದಿಲ್ಲ. ಆ ಕೋಣೆಯ ನಿಯಮ ಒಂದನ್ನು ಹೇಳುತ್ತೇನೆ, ನೆನಪಿಟ್ಟುಕೋ. ಗಿಡದ ಹೆಸರು ಬದಲಾದರೆ ಹಳೆಯ ಚೀಟಿಯನ್ನು ಕೀಳಬಾರದು. ಅದು ತಪ್ಪೇ ಇರಲಿ, ಹಾಗೇ ಬಿಟ್ಟು ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ ತಾರೀಖು ಬರೆಯಬೇಕು. ತಪ್ಪು ಮಾಡಿದವರು ಯಾರು, ಯಾವಾಗ ಮಾಡಿದರು ಎಂಬುದು ಮುಂದೆ ನೋಡುವವರಿಗೆ ತಿಳಿಯಬೇಕು.

ನೀವು ಎಲ್ಲವನ್ನೂ ಕಲಸಿ. ಚೀಟಿ ಮಾತ್ರ ಕೀಳಬೇಡಿ.

ನಿನ್ನ ಅಜ್ಜಿ


೧೯ ಜನವರಿ ೨೦೧೧

ಅಜ್ಜಿಗೆ ನಮಸ್ಕಾರಗಳು.

ನಿಮ್ಮ ಪತ್ರ ಓದುತ್ತಿದ್ದಾಗ ಡೈರೆಕ್ಟರು ನನ್ನ ಮುಖ ನೋಡಿ, "ಏನಮ್ಮ, ಕೋರ್ಟಿನ ನೋಟಿಸಾ?" ಅಂದರು. "ಅದಕ್ಕಿಂತ ದೊಡ್ಡದು ಸಾರ್, ನಮ್ಮಜ್ಜಿ" ಅಂದೆ. ಹೊಲಿಗೆಯ ಕೋಣೆಯಲ್ಲಿ ನಿಮ್ಮ ಹೆಸರು ಹೇಳಿದರೆ ಇವತ್ತಿಗೂ ಹಳೆಯ ವಾಚ್‌ಮನ್ ಎದ್ದು ನಿಲ್ಲುತ್ತಾರೆ.

ತಾವರೆಯ ವಿಷಯದಲ್ಲಿ ಬೈಯಬೇಡಿ. ಹಿಂದಿನವರು ಹೂವಿನ ಮುಖ ನೋಡಿ ಕುಟುಂಬ ಹೇಳಿದರು. ಎಸಳು ಎಷ್ಟು, ಕೇಸರ ಎಷ್ಟು, ಎಸಳು ಬಿಡಿಯೋ ಕೂಡಿಕೊಂಡಿದೆಯೋ ಎಂದು ಎಣಿಸಿದರು. ಆದರೆ ನೀರಿನಲ್ಲಿ ಬದುಕಬೇಕಾದರೆ ಯಾರಾದರೂ ಎಲೆಯನ್ನು ಹಾಗೇ ಹಾಸಬೇಕಲ್ಲ? ಒಂದೇ ಆಫೀಸಿನಲ್ಲಿ ಒಂದೇ ಸಮವಸ್ತ್ರ ತೊಟ್ಟವರೆಲ್ಲ ಅಣ್ಣತಮ್ಮಂದಿರಲ್ಲ. ಈಗ ಡಿಎನ್‌ಎ ಓದಿ, ಯಾರು ಯಾವ ಬೇರಿನಿಂದ ಯಾವಾಗ ಕವಲೊಡೆದರು ಎಂದು ನೋಡುತ್ತೇವೆ. ಬೀಜದಲ್ಲಿ ಎರಡು ಬೇಳೆಯಿರುವ ದ್ವಿದಳ ಗಿಡಗಳೆಲ್ಲ ಒಂದು ಪಂಗಡ ಎಂದು ಶಾಲೆಯಲ್ಲಿ ನೀವೂ ಓದಿದ್ದಿರಿ, ನಾನೂ ಓದಿದ್ದೆ. ಅದೂ ಹೋಯಿತು.

ನನ್ನ ಕೆಲಸ ಈ ಹೊಸ ಲೆಕ್ಕದ ಪ್ರಕಾರ ಹಾಳೆಗಳನ್ನು ಒಂದು ಬೀರುವಿನಿಂದ ಇನ್ನೊಂದಕ್ಕೆ ಸಾಗಿಸುವುದು. ಕೂತಿರುವುದು ಹಿಂಬದಿಯ ಸಣ್ಣ ಕೋಣೆಯಲ್ಲಿ. ಗಾಳಿಗೆ ಹಾಳೆ ಹಾರುತ್ತದೆಂದು ಕಿಟಕಿ ಮುಚ್ಚಿಕೊಂಡಿರುತ್ತೇನೆ. ನಿಮ್ಮ ಹೊಲಿಗೆಯನ್ನು ದೂರದಿಂದಲೇ ಗುರುತಿಸುತ್ತೇನೆ. ಗಂಟು ಎಲ್ಲಿದೆ ಎಂದು ಹುಡುಕಿದರೂ ಕಾಣುವುದಿಲ್ಲ.

ಒಂದು ವಿಷಯ ಕೇಳಬೇಕಿತ್ತು. ನಾಲ್ಕು ಹಾಳೆಗಳ ಮೇಲೆ ನಿಮ್ಮ ಅಕ್ಷರದಲ್ಲಿ "ಹುಳು ಕಡಿದಿದೆ" ಎಂಬ ಚೀಟಿ ಇದೆ. ಎಲ್ಲವೂ ಎಪ್ಪತ್ತೊಂಬತ್ತನೆಯ ಇಸವಿಯವು. ಆದರೆ ಹುಳು ಕಡಿದರೆ ತೂತು ಬೀಳುತ್ತದೆ, ಹಾಳೆಯ ಮೇಲೆ ಹಿಟ್ಟಿನಂಥ ಪುಡಿ ಉಳಿಯುತ್ತದೆ. ಇಲ್ಲಿ ಪುಡಿಯೇ ಇಲ್ಲ. ಎಲೆಯ ತುದಿ ಅರ್ಧಚಂದ್ರದ ಹಾಗೆ ಚೊಕ್ಕಟವಾಗಿ ಹೋಗಿದೆ. ಅದು ಯಾವ ಹುಳು ಅಜ್ಜಿ?

ನಿಮ್ಮ
ಜೀರಿಗೆ


೨ ಫೆಬ್ರವರಿ ೨೦೧೧

ಜೀರಿಗೆಗೆ,

ಹುಳು ಅಂದರೆ ಹುಳು. ಅದರ ಜಾತಕ ನನಗೆ ಗೊತ್ತಿಲ್ಲ.

ಕಿಟಕಿ ತೆಗೆ. ಹಾಳೆ ಹಾರಿದರೆ ಮೇಲೆ ಕಲ್ಲಿಡು. ಆ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೂರುವ ಬುದ್ಧಿ ನಿನಗೆ ಎಲ್ಲಿಂದ ಬಂತು? ಕೈಗೆ ಗವಸು ಹಾಕು. ಆ ನಾಲ್ಕು ಹಾಳೆಗಳನ್ನು ಬೇರೆ ಯಾರಾದರೂ ಸಾಗಿಸಲಿ. ನೀನು ತಾವರೆ, ಸಿಲ್ವರ್ ಓಕು ಎಂದು ಬೀಗತನ ಮಾಡಿಸಿಕೊಂಡಿರು.

ಚಿಕ್ಕಪ್ಪನ ಮೊಮ್ಮಗನಿಗೆ ಹಲ್ಲು ಬಂದಿದೆ. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾನೆ. ನಿನ್ನೆ ನನ್ನ ಕನ್ನಡಕದ ಕಡ್ಡಿ ಕಚ್ಚಿದ. ಕಿತ್ತುಕೊಂಡು ಅವನ ಕೆನ್ನೆಗೆ ಹೊಡೆದುಬಿಟ್ಟೆ. ಮಗುವಿಗೆ ಹೊಡೆಯಬಾರದಿತ್ತು. ಚಿಕ್ಕಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಹೇಗೂ ನನಗೆ ಕೇಳಿಸುವುದಿಲ್ಲ, ನಷ್ಟವಿಲ್ಲ.

ಗವಸು ಹಾಕು.

ನಿನ್ನ ಅಜ್ಜಿ


೧೬ ಫೆಬ್ರವರಿ ೨೦೧೧

ಅಜ್ಜಿಗೆ ನಮಸ್ಕಾರಗಳು.

ಇದನ್ನು ಕೂತು ಓದಿ.

ನಾಲ್ಕಲ್ಲ, ಹದಿನಾರು ಹಾಳೆಗಳು. ಹುಡುಕಿ ಹುಡುಕಿ ತೆಗೆದೆ. ನಿಮ್ಮ ಹಳೆಯ ಲೆಕ್ಕದಲ್ಲಿ ಅವು ಐದು ಬೀರುಗಳಲ್ಲಿ ಚದುರಿದ್ದವು. ಸಾಸಿವೆ ಒಂದು ಕಡೆ, ನುಗ್ಗೆ ಇನ್ನೊಂದು ಗೋಡೆಗೆ, ಪಪ್ಪಾಯಿ ಬಳ್ಳಿಗಳ ಜೊತೆ, ಕುಂಡದಲ್ಲಿ ಬೆಳೆಸುವ ನಸ್ಟರ್ಷಿಯಂ ಜಿರೇನಿಯಂ ಪಕ್ಕ, ಹಲ್ಲುಜ್ಜುವ ಮಿಸ್ವಾಕ್ ಕಡ್ಡಿಯ ಮರ ಮಲ್ಲಿಗೆಯ ಬಳಿ. ಮುಖ ನೋಡಿದರೆ ಒಂದಕ್ಕೊಂದು ಏನೇನೂ ಹೋಲುವುದಿಲ್ಲ. ಆದರೆ ಡಿಎನ್‌ಎ ಪ್ರಕಾರ ಇವೆಲ್ಲ ಒಂದೇ ಮನೆಯ ಮಕ್ಕಳು. ಹೊಸ ಪಟ್ಟಿ ಹಿಡಿದು ಜೋಡಿಸುತ್ತ ಹೋದರೆ ಕಡಿದ ಹದಿನಾರು ಹಾಳೆಗಳೂ ಒಂದೇ ಬೀರುವಿಗೆ ಬಂದು ಕೂತವು. ಬೇರೆ ಯಾವ ಕುಟುಂಬದಲ್ಲೂ ಇಂಥ ಅರ್ಧಚಂದ್ರ ಒಂದೂ ಇಲ್ಲ. ವಿಜ್ಞಾನಿಗಳು ಯಂತ್ರ ಇಟ್ಟುಕೊಂಡು ನಿನ್ನೆ ಮೊನ್ನೆ ಕಂಡುಕೊಂಡದ್ದನ್ನು ನಿಮ್ಮ ಹುಳು ಮೂವತ್ತೆರಡು ವರ್ಷಗಳ ಹಿಂದೆಯೇ ಕಂಡುಕೊಂಡಿತ್ತು.

ಇನ್ನೊಂದು. ಹಳೆಯ ಹಾಳೆಗಳ ಮೂಲೆಯಲ್ಲಿ "ವಿಷ" ಎಂಬ ಕೆಂಪು ಮೊಹರು ಇದೆಯಲ್ಲ, ಹುಳು ಬರದಿರಲೆಂದು ಪಾದರಸದ ವಿಷ ಹಚ್ಚಿದ ಗುರುತು. ಎಪ್ಪತ್ತೊಂಬತ್ತರ ಜನವರಿಯಲ್ಲಿ ಆಗಿನ ಡೈರೆಕ್ಟರು ಅದನ್ನು ನಿಲ್ಲಿಸಿದರೆಂದು ಫೈಲಿನಲ್ಲಿ ಓದಿದೆ. ಕಡಿದ ಹದಿನಾರೂ ಆ ವರ್ಷ ಹೊಲಿದ ಹೊಸ ಹಾಳೆಗಳು. ಮೊಹರಿರುವ ಸಾಸಿವೆಯ ಹಾಳೆಗಳು ಪಕ್ಕದಲ್ಲೇ ಇವೆ, ಒಂದನ್ನೂ ಮುಟ್ಟಿಲ್ಲ. ಹುಳುವಿಗೆ ಓದು ಬರುತ್ತಿತ್ತೇ ಅಜ್ಜಿ?

ಹಾಳೆ ತಿರುಗಿಸಿದರೆ ಹಿಂದೆ ಪೆನ್ಸಿಲಿನ ಒಂದು ಚುಕ್ಕಿ, ಯಾರೋ ಲೆಕ್ಕಕ್ಕೆ ಗುರುತು ಹಾಕಿಕೊಂಡ ಹಾಗೆ. ಹದಿನಾರಕ್ಕೂ. ಹೊಲಿಗೆ ನಿಮ್ಮದಲ್ಲ. ಗಂಟು ಕಾಣುತ್ತದೆ, ಪುಟ್ಟದಾಗಿ, ಎಡಕ್ಕೆ ವಾಲಿಕೊಂಡು. ನಮ್ಮಮ್ಮ ಕೆಲವು ತಿಂಗಳು ನಿಮ್ಮ ಕೈಕೆಳಗೆ ಕೆಲಸ ಮಾಡಿದ್ದರೆಂದು ವಾಚ್‌ಮನ್ ಹೇಳಿದರು. ನೀವು ಯಾವತ್ತೂ ಹೇಳಲಿಲ್ಲ. "ನಿಮ್ಮಮ್ಮ ಬಾಯಲ್ಲಿ ಸದಾ ಏನೋ ಅಗೀತಾ ಇರೋರು" ಅಂದರು.

ಮೊಹರಿಲ್ಲದ ಹಾಳೆ, ಹೆದರಿಕೆಯಿಲ್ಲ ಎಂದು ನುಗ್ಗೆಯ ಒಂದು ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡೆ. ಮೊದಲು ಧೂಳು. ಆಮೇಲೆ ಉಗುಳು ತಾಗಿದ ಹಾಗೆ ನಿಧಾನವಾಗಿ, ಮೂಗಿಗೆ ಏರುವ ಸಾಸಿವೆಯ ಖಾರ! ನಾನು ಮಗುವಾಗಿದ್ದ ಕಾಲದ ಎಲೆ, ಇನ್ನೂ ಖಾರ ಬಿಡುತ್ತಿದೆ.

ನಮ್ಮಮ್ಮ ಏನು ಹುಡುಕುತ್ತಿದ್ದರು ಅಜ್ಜಿ?

ಜೀರಿಗೆ


೧ ಮಾರ್ಚ್ ೨೦೧೧

ಜೀರಿಗೆಗೆ,

ನಿನ್ನ ತಾಯಿ ಅಲ್ಲಿ ಎಂಟು ತಿಂಗಳು ಕೆಲಸ ಮಾಡಿದಳು. ಕೆಲಸ ಕೊಡಿಸಿದವಳು ನಾನು. ಆಮೇಲೆ ಜ್ವರ ಬಂತು, ಹೋದಳು. ನಿನಗೆ ಮೂರು ವರ್ಷ. ಜ್ವರದ ಮಾತನ್ನು ನೂರು ಸಲ ಹೇಳಿದ್ದೇನೆ, ನೂರೊಂದನೆಯ ಸಲ ಬರೆಸಬೇಡ.

ಸಿಕ್ಕಿದ್ದನ್ನು ಬಾಯಿಗಿಡುವ ವಯಸ್ಸಾ ನಿನ್ನದು? ಬಾಯಿ ಮುಕ್ಕಳಿಸು. ದಿನಕ್ಕೆ ಹತ್ತು ಸಲ ಮುಕ್ಕಳಿಸು. ಚೂರು ಎಷ್ಟು ದೊಡ್ಡದಿತ್ತು, ಬರೆ. ನುಂಗಿದೆಯೋ ಉಗಿದೆಯೋ, ಅದನ್ನೂ ಬರೆ. ಹಾಲು ಕುಡಿ.

ಆ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಡೈರೆಕ್ಟರಿಗೆ ಕೊಡು. ಯಾಕೆ ಎಂದು ಕೇಳಬೇಡ. ನಾನು ಹೇಳುತ್ತಿದ್ದೇನೆ, ಅಷ್ಟು ಸಾಲದೇ?

ಗವಸು ಎರಡು ಜೊತೆ ಕಳಿಸಿದ್ದೇನೆ.

ಅಜ್ಜಿ


೨೦ ಮಾರ್ಚ್ ೨೦೧೧

ಅಜ್ಜಿ,

ಅಕ್ಷರ ಸೊಟ್ಟಗಿದೆ, ಬೈಯಬೇಡಿ. ಕೈ ಸ್ವಲ್ಪ ನಡುಗುತ್ತದೆ. ಗವಸಿನ ಬಟ್ಟೆ ದಪ್ಪ, ಅದಕ್ಕೇ ಎಂದು ಹೇಳೋಣವೆಂದರೆ, ಗವಸೇ ಹಾಕಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ಚೂರು ಕಿರುಬೆರಳಿನ ಉಗುರಿನಷ್ಟಿತ್ತು. ನುಂಗಿದೆ. ಅದೊಂದೇ. ಆಮೇಲೆ ಯಾವ ಹಾಳೆಯನ್ನೂ ಬಾಯಿಗೆ ಇಟ್ಟಿಲ್ಲ, ಆಣೆಗೂ ಇಟ್ಟಿಲ್ಲ. ಆದರೆ ಬಾಯಲ್ಲಿ ಯಾವಾಗಲೂ ಹಳೆಯ ತಾಮ್ರದ ಕಾಸು ಇಟ್ಟುಕೊಂಡ ಹಾಗೆ ಇರುತ್ತದೆ. ಉಗುಳು ಬಂದು ಬಂದು ದಿಂಬು ಒದ್ದೆಯಾಗುತ್ತದೆ. ನಿನ್ನೆ ಡೈರೆಕ್ಟರು "ಹೊರಗೆ ಬಂದು ಟೀ ಕುಡಿಯಮ್ಮ" ಎಂದು ಕರೆದರೆ ಅವರ ಮೇಲೆ ರೇಗಿಬಿಟ್ಟೆ, ಆಮೇಲೆ ಬಾಗಿಲ ಹಿಂದೆ ನಿಂತು ಅತ್ತೆ. ಜನರ ಮುಖ ನೋಡಲು ನಾಚಿಕೆಯಾಗುತ್ತಿದೆ. ಯಾಕೆಂದು ಗೊತ್ತಿಲ್ಲ.

ಬೀಗ ಹಾಕಲಿಲ್ಲ. ಹೇಗೆ ಹಾಕಲಿ? ಹಾಳೆಗಳು ಒಂದೇ ಬೀರುವಿಗೆ ಬಂದ ಮೇಲೆ ಮೂರು ಹೊಸ ಅರ್ಧಚಂದ್ರಗಳಾಗಿವೆ. ನಾನು ಪ್ರತಿ ಹಾಳೆಯ ಫೋಟೋ ತೆಗೆದಿಟ್ಟಿದ್ದೆ, ಹೋಲಿಸಿ ನೋಡಿದೆ. ಸೋಮವಾರ ಇದ್ದ ಎಲೆಯ ತುದಿ ಬುಧವಾರ ಇಲ್ಲ. ಪುಡಿ ಇಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬೀರುವಿನ ಬಾಗಿಲಿಗೆ ಕಿವಿಯಿಟ್ಟರೆ, ಒಳಗೆ ಯಾರೋ ಅವಸರವಿಲ್ಲದೆ ಒಣ ಎಲೆ ಅಗಿಯುವ ಸದ್ದು. ಹೆದರಿಕೆ ಆಗುವುದಿಲ್ಲ. ಜೊತೆಗೆ ಕೂತು ಊಟ ಮಾಡಿದ ಹಾಗೆ ಇರುತ್ತದೆ.

ನನಗೆ ಒಂದು ತಿಳಿಯಿತು, ನಿಮಗೂ ಹೇಳುತ್ತೇನೆ. ಗಿಡ ಮುಖ ತೋರಿಸಿ ಮರೆಮಾಚುತ್ತೆ, ನಾಲಿಗೆಗೆ ಬಂದಾಗ ತನ್ನ ತವರು ಹೇಳುತ್ತೆ. ಇದನ್ನು ಬರೆದಾದ ಮೇಲೆ ಓದಿಕೊಂಡೆ, ಎಷ್ಟು ಚೆನ್ನಾಗಿದೆ! ನಾನು ಇಷ್ಟು ಚೆನ್ನಾಗಿ ಬರೆಯುವವಳಲ್ಲ.

ನಿಮ್ಮ
ಸಾಸಿವೆ


೨೮ ಮಾರ್ಚ್ ೨೦೧೧

ಮಗಳೇ,

ಈ ಪತ್ರವನ್ನು ಚಿಕ್ಕಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಇವತ್ತೇ ರೈಲು ಹತ್ತುತ್ತಾನೆ, ನಾಡಿದ್ದು ಅಲ್ಲಿರುತ್ತಾನೆ. ನಿಮ್ಮ ಡೈರೆಕ್ಟರಿಗೆ ಬೆಳಿಗ್ಗೆಯೇ ಫೋನು ಮಾಡಿಸಿದ್ದೇನೆ. ನಿನ್ನನ್ನು ಆ ಕೋಣೆಯಿಂದ ಹೊರಗೆ ಎಳೆದು ಆಸ್ಪತ್ರೆಗೆ ಸೇರಿಸುತ್ತಾರೆ. ಜಗಳವಾಡಬೇಡ. ಡಾಕ್ಟರಿಗೆ "ಪಾದರಸ" ಎಂದು ಹೇಳು. ಒಂದೇ ಮಾತು, ಪಾದರಸ. ಅದನ್ನು ಹೇಳಿ ಆದ ಮೇಲೆ ಮುಂದೆ ಓದು.

ನಿನ್ನ ಪತ್ರದ ಕೊನೆಯ ಎರಡು ಸಂಗತಿಗಳನ್ನು ನಿನಗೆ ಯಾರು ಹೇಳಿದರು? ತವರಿನ ಆ ಮಾತು ನಿನ್ನ ತಾಯಿಯದು. ಹೊಲಿಗೆಯ ಕೋಣೆಯಲ್ಲಿ ನನ್ನೊಬ್ಬಳಿಗೇ ಹೇಳಿದ್ದಳು. ನಾನು ಅದನ್ನು ಯಾರಿಗೂ ಹೇಳಿಲ್ಲ. ನೀನು ಹುಟ್ಟಿದಾಗ ಅವಳು ನಿನ್ನನ್ನು ಸಾಸಿವೆ ಎಂದು ಕರೆಯುತ್ತಿದ್ದಳು. ಸೊಸೆ ಇಟ್ಟ ಹೆಸರನ್ನು ನಾನೇಕೆ ಕರೆಯಲಿ ಎಂಬ ಹಟಕ್ಕೆ ನಾನು ಜೀರಿಗೆ ಎಂದೆ. ಅವಳು ಹೋದ ಮೇಲೆ ಮನೆಯಲ್ಲಿ ಆ ಇನ್ನೊಂದು ಹೆಸರು ಯಾರ ಬಾಯಲ್ಲೂ ಬರದ ಹಾಗೆ ನೋಡಿಕೊಂಡೆ. ನಿನ್ನ ಅಕ್ಷರ ಕೂಡ ಎಡಕ್ಕೆ ವಾಲಿತ್ತು. ನಿನ್ನದು ಯಾವತ್ತೂ ಹಾಗೆ ವಾಲುತ್ತಿರಲಿಲ್ಲ.

ಈಗ ನಾನು ಬಚ್ಚಿಟ್ಟದ್ದು.

ಅವಳು ಕೆಲಸಕ್ಕೆ ಬಂದ ಎರಡನೇ ತಿಂಗಳಿಗೇ ಬಾಯಿ ತೆಗೆದಳು. "ಅತ್ತೆ, ನುಗ್ಗೆ ಇಲ್ಲಿರೋದು ತಪ್ಪು. ಅದು ಸಾಸಿವೆ ಮನೇದು. ಪಪ್ಪಾಯಿ ಬೀಜ ಅಗಿದು ನೋಡಿ, ಅದೂ ಅದೇ." ನಾನು ಅಂದೆ, "ದೊಡ್ಡ ಪ್ರೊಫೆಸರುಗಳು ನೂರು ವರ್ಷ ಕೂತು ಮಾಡಿಟ್ಟಿದ್ದನ್ನ ನಿನ್ನ ನಾಲಿಗೆ ತಿದ್ದುತ್ತಾ? ಅಡುಗೆಮನೆ ಅಲ್ಲ ಇದು." ಆಮೇಲೆ ಅವಳು ಹಿಂದಿನ ತೋಟದ ಕೀಲಿ ಕೇಳಿದಳು. ಹಸಿ ಎಲೆಗಳನ್ನು ಒಂದೊಂದಾಗಿ ಅಗಿದು ನೋಡಿ ಪಟ್ಟಿ ಮಾಡುತ್ತೇನೆ, ನೀವೇ ಡೈರೆಕ್ಟರಿಗೆ ತೋರಿಸಿ ಅಂದಳು. ಕೀಲಿ ನನ್ನ ಸೊಂಟದಲ್ಲೇ ಇತ್ತು. "ಹೊಲಿಯೋರಿಗೆ ತೋಟದಲ್ಲೇನು ಕೆಲಸ?" ಅಂದೆ. ಹತ್ತು ಜನರ ಮುಂದೆ ಅಂದೆ.

ಅವಳು ಮತ್ತೆ ಕೇಳಲಿಲ್ಲ. ಹದಿನೈದು ದಿನವಾದ ಮೇಲೆ ಹೊಸ ಹಾಳೆಗಳಲ್ಲಿ ಎಲೆಯ ತುದಿ ಕಾಣೆಯಾಗತೊಡಗಿತು. ಹುಳು ಅಂದುಕೊಂಡೆ. ನಾನು ಹೊಣೆ ಹೊತ್ತ ಬೀರುಗಳಿಗೆ ಹುಳು ಬಂತು ಎಂದರೆ ನನ್ನ ಮಾನ ಹೋದ ಹಾಗೆ. ವಿಷ ನಿಲ್ಲಿಸಿ ನುಸಿಗುಳಿಗೆ ಇಡಿ ಎಂದು ಡೈರೆಕ್ಟರು ಆರ್ಡರು ಮಾಡಿದ್ದರು. ನುಸಿಗುಳಿಗೆಗೆ ಹೆದರುವ ಹುಳು ಯಾವುದು? ಹಳೆಯ ಸೀಸೆಯಲ್ಲಿ ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾದರಸದ ವಿಷ ಉಳಿದಿತ್ತು. ಎಲ್ಲರೂ ಊಟಕ್ಕೆ ಹೋದಾಗ ನಾನೊಬ್ಬಳೇ ಕೂತು ಬ್ರಷ್ಷಿನಲ್ಲಿ ಹಚ್ಚಿದೆ. ಮತ್ತೆ ಕಡಿಯಿತು. ಇನ್ನೂ ಗಟ್ಟಿಯಾಗಿ ಹಚ್ಚಿದೆ. ಮತ್ತೆ ಕಡಿಯಿತು. ಇದು ಎಂಥ ಹಟಮಾರಿ ಹುಳು, ನಾನೂ ಬಿಡುವವಳಲ್ಲ ಎಂದು ಸೀಸೆ ಖಾಲಿಯಾಗುವ ತನಕ ಹಚ್ಚಿದೆ.

ಕೆಂಪು ಮೊಹರು ಹಾಕಲಿಲ್ಲ. ಹಾಕಿದರೆ ಆರ್ಡರು ಮೀರಿದ್ದು ಗೊತ್ತಾಗುತ್ತಿತ್ತು.

ನಿನ್ನ ತಾಯಿ ದಡ್ಡಿಯಲ್ಲ. ಮೊಹರಿರುವ ಒಂದು ಹಾಳೆಯನ್ನೂ ಅವಳು ಮುಟ್ಟಲಿಲ್ಲ, ನೀನೇ ನೋಡಿದ್ದೀಯ. ಮೊಹರಿಲ್ಲದ್ದನ್ನು ನಂಬಿದಳು. ನನ್ನ ಕೋಣೆಯಲ್ಲಿ ಮೊಹರು ತಪ್ಪುವುದಿಲ್ಲ ಎಂದು ನಂಬಿದಳು.

ಅವಳ ಕೈ ನಡುಗತೊಡಗಿತು. ಹೊಲಿಗೆ ಸೊಟ್ಟಗಾಯಿತೆಂದು ಬೈದೆ. ಜನರನ್ನು ಕಂಡರೆ ಅವಿತುಕೊಳ್ಳುತ್ತಿದ್ದಳು. ಕೊಬ್ಬು ಅಂದೆ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಒಸಡಿನ ಮೇಲೆ ಕಪ್ಪು ಗೆರೆ ಎದ್ದಿತ್ತು. ಡಾಕ್ಟರು "ಏನಾದ್ರೂ ವಿಷದ ಕೆಲಸ ಮಾಡ್ತಾರಾ?" ಎಂದು ನನ್ನನ್ನೇ ಕೇಳಿದರು. "ಇಲ್ಲ, ಈಗ ಅದನ್ನ ನಿಲ್ಲಿಸಿದೀವಿ" ಅಂದೆ. ನನ್ನ ಮಗ ಪಕ್ಕದಲ್ಲೇ ನಿಂತಿದ್ದ. ಅವನು ಸಾಯುವ ತನಕ ತನ್ನ ಹೆಂಡತಿಗೆ ತಲೆ ಕೆಟ್ಟಿತ್ತು ಎಂದೇ ತಿಳಿದಿದ್ದ.

ಡಾಕ್ಟರಿಗೆ ಸುಳ್ಳು ಹೇಳಿದಾಗ ನನಗೆ ನಿಜ ತಿಳಿದಿರಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ತಿಳಿದದ್ದು ಆಮೇಲೆ. ಅವಳು ಹೋದ ಮೇಲೆ ಹುಳು ಕಡಿಯುವುದು ನಿಂತುಹೋಯಿತು.

ಅಜ್ಜಿ


೧೭ ಏಪ್ರಿಲ್ ೨೦೧೧

ಮಗಳೇ,

ನೀನು ಬರೆಯುತ್ತಿಲ್ಲ. ಜೀವಕ್ಕೆ ಅಪಾಯವಿಲ್ಲ, ಔಷಧಿ ನಡೆಯುತ್ತಿದೆ ಎಂದು ಚಿಕ್ಕಪ್ಪ ಬರೆದಿದ್ದಾನೆ. ಎಲೆಗಿಂತ ಹೆಚ್ಚು ಆ ಮುಚ್ಚಿದ ಕೋಣೆಯ ಗಾಳಿಯೇ ನಿನಗೆ ತಾಗಿತು ಅಂದರಂತೆ ಡಾಕ್ಟರು. ಬೀರುವಿನೊಳಗೆ ಮೂವತ್ತು ವರ್ಷ ಕಟ್ಟಿಹಾಕಿದ್ದ ಆವಿ. ಕಿಟಕಿ ತೆಗೆ ಎಂದು ಬರೆದಾಗಲೇ ಯಾಕೆ ಎಂಬುದನ್ನೂ ನಾನು ಬರೆಯಬಹುದಿತ್ತು. ಫೆಬ್ರವರಿಯಲ್ಲಿ ಬರೆಯಲಿಲ್ಲ, ಮಾರ್ಚಿನಲ್ಲಿ ಬರೆಯಲಿಲ್ಲ. ನನ್ನ ಹೆಸರು ಹೇಳಿದರೆ ವಾಚ್‌ಮನ್ ಎದ್ದು ನಿಲ್ಲುತ್ತಾನೆ ಎಂದು ನೀನು ಬರೆದಿದ್ದೆಯಲ್ಲ, ಆ ಸಾಲನ್ನು ದಿನಾ ಓದುತ್ತಿದ್ದೆ.

ನೀನು ಉತ್ತರ ಬರೆಯಲೇಬೇಕೆಂದು ನಾನು ಕೇಳುವುದಿಲ್ಲ. ಕೇಳುವ ಬಾಯಿ ನನಗಿಲ್ಲ.

ಇದರ ಜೊತೆ ಹದಿನೇಳು ಚೀಟಿಗಳಿವೆ. ನನ್ನ ಕೈಯಿಂದಲೇ ಬರೆದದ್ದು, ಶಾಯಿ ಚೆಲ್ಲಿದರೆ ಹೊಸದು ತೆಗೆದುಕೊಂಡು ಬರೆದದ್ದು. ಹದಿನಾರರಲ್ಲಿ ಒಂದೇ ಒಕ್ಕಣೆ: "ಹುಳು ಅಲ್ಲ. ನನ್ನ ಸೊಸೆ. ಈ ಗಿಡಗಳೆಲ್ಲ ಒಂದೇ ಮನೆಯವು ಎಂದು ಮೊದಲು ಹೇಳಿದವಳು. ಹಾಳೆಗೆ ವಿಷ ಹಚ್ಚಿ ಮೊಹರು ಹಾಕದೆ ಬಿಟ್ಟವಳು ನಾನು." ಕೆಳಗೆ ನನ್ನ ಸಹಿ, ಇವತ್ತಿನ ತಾರೀಖು. ಹದಿನೇಳನೆಯದು ನೀನು ಚೂರು ಮುರಿದ ನುಗ್ಗೆಗೆ, ನಿನ್ನ ತಾಯಿಯ ಚೀಟಿಯ ಪಕ್ಕಕ್ಕೆ. ಅದರಲ್ಲಿ "ಹುಳು ಅಲ್ಲ. ನನ್ನ ಮೊಮ್ಮಗಳು" ಎಂದಿದೆ.

ನನ್ನ ಹಳೆಯ ಚೀಟಿಗಳನ್ನು ಕೀಳಬೇಡ. ಅವು ಅಲ್ಲೇ ಇರಲಿ.

ಅಜ್ಜಿ


೩೧ ಮೇ ೨೦೧೧

ಅಜ್ಜಿಗೆ,

ಕೈ ನಡುಗುವುದು ನಿಂತಿದೆ. ಅಕ್ಷರ ನೋಡಿದರೆ ನಿಮಗೇ ತಿಳಿಯುತ್ತದೆ.

ಎರಡು ತಿಂಗಳು ನಿಮಗೆ ಬರೆಯದಿದ್ದುದು ಕಾಯಿಲೆಯಿಂದಲ್ಲ. ಮೊದಲ ತಿಂಗಳು ನಿಮ್ಮ ಪತ್ರವನ್ನು ಹರಿಯಬೇಕೆಂದು ದಿನಾ ತೆಗೆಯುತ್ತಿದ್ದೆ, ದಿನಾ ಮಡಚಿಡುತ್ತಿದ್ದೆ. ಹರಿಯಲು ಆಗಲಿಲ್ಲ. ಚೀಟಿ ಕೀಳಬಾರದು ಎಂದು ನೀವೇ ಕಲಿಸಿದ್ದಿರಿ. ಕ್ಷಮಿಸಿದ್ದೇನೆ ಎಂದು ಬರೆಯಲೂ ಆಗುತ್ತಿಲ್ಲ. ಅದು ಬಂದರೆ ಬರೆಯುತ್ತೇನೆ, ಪಕ್ಕದಲ್ಲಿ.

ಹದಿನೇಳೂ ಅಂಟಿಸಿದೆ. ಡೈರೆಕ್ಟರು ಒಂದೊಂದನ್ನೂ ಓದಿದರು. ಕೆಂಪು ಮೊಹರನ್ನು ಹುಡುಕಿ ತೆಗೆದು, ಶಾಯಿ ಒಣಗಿತ್ತು, ಒದ್ದೆ ಮಾಡಿ ತಾವೇ ಹದಿನಾರು ಹಾಳೆಗೂ ಒತ್ತಿದರು. ವಾಚ್‌ಮನ್ ತಾತ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಿಮ್ಮ ಹೆಸರು ಬಂದಾಗ ಅವರು ಈಗಲೂ ನಿಂತೇ ಇದ್ದರು ಅಜ್ಜಿ, ಆದರೆ ತಲೆ ತಗ್ಗಿಸಿಕೊಂಡು.

ಈಗ ಒಂದು ಸಂಗತಿ. ನಾನು ಆಸ್ಪತ್ರೆಯಲ್ಲಿದ್ದಾಗ ಆ ಬೀರುವಿಗೆ ಬೀಗ ಹಾಕಿ, ಬಾಗಿಲಿನ ಸಂದಿಗೆ ಪಟ್ಟಿ ಅಂಟಿಸಿ, ಅರಗು ಒತ್ತಿ ಮುಚ್ಚಿದ್ದರು. ಕೀಲಿ ಡೈರೆಕ್ಟರ ಮೇಜಿನಲ್ಲಿತ್ತು. ಐವತ್ತು ದಿನ. ಮೊನ್ನೆ ಮುಖಕ್ಕೆ ಮಾಸ್ಕು ಹಾಕಿಕೊಂಡು ನಾವಿಬ್ಬರೂ ಸೇರಿ ಅರಗು ಒಡೆದೆವು. ಅರಗು ಹಾಗೇ ಇತ್ತು. ಹಿಂದೆ ಹೊಸದಾಗಿ ಕಂಡಿದ್ದ ಮೂರನ್ನು, ನಾನೇ ತಿಂದು ಮರೆತಿರಬೇಕು ಎಂದು ಡಾಕ್ಟರು ಹೇಳಿದ್ದರು, ನಾನೂ ಒಪ್ಪಿಕೊಂಡಿದ್ದೆ. ಆದರೆ ನಸ್ಟರ್ಷಿಯಂ ಹಾಳೆಯಲ್ಲಿ ಇನ್ನೊಂದು ಅರ್ಧಚಂದ್ರ ಇತ್ತು. ಫೋಟೋದಲ್ಲಿ ಇಲ್ಲದ್ದು. ಗವಸಿನ ಬೆರಳಿನಿಂದ ಅಂಚು ಮುಟ್ಟಿದೆ. ಗವಸಿಗೆ ತೇವ ಅಂಟಿತು.

ಡೈರೆಕ್ಟರೂ ನೋಡಿದರು. "ಏನಂತ ಚೀಟಿ ಬರೀತೀಯಮ್ಮ?" ಅಂದರು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಸಾಸಿವೆ


೮ ಜೂನ್ ೨೦೧೧

ಸಾಸಿವೆಗೆ,

ಚೀಟಿ ಬರೆಯಬೇಡ. ಹುಳು ಎಂದಂತೂ ಬರೆಯಲೇಬೇಡ.

ಆ ಹಾಳೆಗಳನ್ನು ನಿನ್ನ ತಾಯಿಗೆ ಎಟುಕದ ಕಡೆ, ಗಾಜಿನೊಳಗೆ ಇಡಿಸು. ಬೀರುವನ್ನು ತೊಳೆಸು. ಖಾಲಿ ಮಾಡಿ ಬೇರೆಯವರಿಗೆ ಕೊಡಬೇಡ, ಅಲ್ಲೇ ಇರಲಿ.

ಈ ಲಕೋಟೆಯ ತಳದಲ್ಲಿ ಒಂದು ಕೀಲಿ ಇದೆ. ನಿವೃತ್ತಿಯ ದಿನ ಎಲ್ಲವನ್ನೂ ಒಪ್ಪಿಸಿದೆ, ಇದೊಂದನ್ನು ಒಪ್ಪಿಸಲಿಲ್ಲ. ಹಿಂದಿನ ತೋಟದ್ದು. ಬೀಗ ಬದಲಾಗಿದ್ದರೆ ಹೊಸ ಕೀಲಿ ಕೇಳಿ ಇಸಿದುಕೋ. ನಾಚಿಕೆಪಡಬೇಡ, ನನ್ನ ಹೆಸರು ಹೇಳಬೇಡ, ನಿನ್ನ ತಾಯಿಯ ಹೆಸರು ಹೇಳು.

ಬೆಳಿಗ್ಗೆ ಕೆಲಸಕ್ಕೆ ಹೋದೊಡನೆ ತೋಟದಿಂದ ಹಸಿ ಎಲೆ ತಂದು, ಚೆನ್ನಾಗಿ ತೊಳೆದು, ಆ ಬೀರುವಿನ ಮೊದಲ ಖಾನೆಯಲ್ಲಿ ಇಡು. ಇವತ್ತು ನುಗ್ಗೆ, ನಾಳೆ ನಸ್ಟರ್ಷಿಯಂ. ಒಂದೊಂದು ದಿನಕ್ಕೆ ಒಂದೊಂದು, ಪಟ್ಟಿ ಮುಗಿಯುವ ತನಕ. ಬಾಗಿಲು ಮುಚ್ಚುವ ಮುಂಚೆ ಗಟ್ಟಿಯಾಗಿ ಹೇಳು, ಅವಳಿಗೆ ಕೇಳಿಸಬೇಕು: ಇದಕ್ಕೆ ಏನೂ ಹಚ್ಚಿಲ್ಲ, ಅತ್ತೆ ಹೇಳಿ ಕಳಿಸಿದ್ದಾರೆ, ತಿನ್ನು ಅಂತ.

ಅಜ್ಜಿ